ಗೌಡರಿಗೊಂದು ಪಿಸ್ತೂಲು

ಆಚೆ ಮನೆಯ ಗೌಡರಿಗೆ ಎಪ್ಪತ್ತು ದಾಟಿದ ಮೇಲೆ ಪಿಸ್ತೂಲಿನ ಹುಚ್ಚು ಹತ್ತಿದೆ. ಬೇವೂರಿನಂಥ ಊರಲ್ಲಿ ಎಪ್ಪತ್ತು ದಾಟಿದವರಿಗೆ ಹತ್ತುವ ಹುಚ್ಚುಗಳೇ ಬೇರೆ. ಒಬ್ಬರಿಗೆ ಕೂಡಲಸಂಗಮಕ್ಕೆ ನಡೆದು ಹೋಗುವ ಹುಚ್ಚು, ಇನ್ನೊಬ್ಬರಿಗೆ ಬದುವಿನ ಸಲುವಾಗಿ ತಮ್ಮನ ಮಗನ ಮೇಲೆ ದಾವೆ ಹೂಡುವ ಹುಚ್ಚು, ಮತ್ತೊಬ್ಬರಿಗೆ ಮೊಬೈಲಿನಲ್ಲಿ ಬಂದ ಔಷಧಿಯನ್ನು ಊರಿಗೆಲ್ಲ ಹಂಚುವ ಹುಚ್ಚು. ಗೌಡರದು ಇದು. ಹಚ್ಚಿದವನು ಮೊಮ್ಮಗ. ಅವನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ರವಿವಾರದ ವಿಡಿಯೋ ಕಾಲಿನಲ್ಲಿ, ತನ್ನ ನೆರೆಮನೆಯವನು ಮಲಗುವ ಕೋಣೆಯಲ್ಲಿ ಪಿಸ್ತೂಲಿಟ್ಟುಕೊಂಡಿದ್ದಾನೆ, ಅದು ಅಲ್ಲಿಯ ಜನರ ಹಕ್ಕು, ಸುಪ್ರೀಂ ಕೋರ್ಟೇ ಹೇಳಿದೆ ಎಂದು ಒಂದು ಮಾತು ಹಾಕಿದ. ಅವನು ಹೇಳಿ ಮರೆತ. ಗೌಡರು ಮರೆಯಲಿಲ್ಲ.

ನಮ್ಮ ಎರಡೂ ಹಿತ್ತಲುಗಳ ನಡುವಿನದು ಬರೀ ಮುಳ್ಳುಬೇಲಿ. ಗೌಡರ ಎಮ್ಮೆ ಮೈ ತಿಕ್ಕಿ ತಿಕ್ಕಿ ಒಂದು ಕಡೆ ಎದೆಮಟ್ಟಕ್ಕೆ ಇಳಿದಿದೆ. ಊರಿನ ಮತ್ತು ಜಗತ್ತಿನ ವ್ಯವಹಾರವೆಲ್ಲ ಅಲ್ಲೇ ಆಗುತ್ತದೆ.

“ಮಾಸ್ತರ, ನೀವು ಪೌರನೀತಿ ಕಲಿಸಿದವರು. ಅವರಿಗಿರೂ ಹಕ್ಕು ನಮಗ್ಯಾಕಿಲ್ಲ?” ಅಂದರು.

ಪೌರನೀತಿಯ ಪುಸ್ತಕದಲ್ಲಿ ಪಿಸ್ತೂಲಿನ ಪಾಠ ಇರಲಿಲ್ಲ. ಆದರೆ ಅಳಿಯ ಬಾಗಲಕೋಟೆಯಲ್ಲಿ ವಕೀಲ. ಹಬ್ಬಕ್ಕೆ ಬಂದಾಗ ಹೋಳಿಗೆ ಬಡಿಸಿ ಬಡಿಸಿ ಅವನಿಂದ ಕೇಳಿಕೊಂಡದ್ದು, ಅವನ ಪುಸ್ತಕ ತಂದು ಓದಿದ್ದು, ಎಲ್ಲ ಕೂಡಿಸಿ ನಾನು ಬೇಲಿಯ ಮೇಲೆ ಮೊಣಕೈ ಊರಿದೆ.

ಡಿಕ್ ಹೆಲ್ಲರ್ ಅಂತ ಒಬ್ಬ ಕಾವಲುಗಾರ. ವಾಷಿಂಗ್ಟನ್ ನಗರದಲ್ಲಿ ಸರ್ಕಾರಿ ಕಟ್ಟಡ ಕಾಯುವ ಕೆಲಸ. ಹಗಲೆಲ್ಲ ಸೊಂಟದಲ್ಲಿ ಪಿಸ್ತೂಲು. ಸಂಜೆ ಮನೆಗೆ ಬರುವಾಗ ಬರೀ ಸೊಂಟ. ಯಾಕೆಂದರೆ 1976ರಿಂದ ಆ ನಗರದಲ್ಲಿ ಸಾಮಾನ್ಯರು ಮನೆಯಲ್ಲಿ ಕೈಬಂದೂಕು ಇಡುವಂತಿರಲಿಲ್ಲ. ಉದ್ದ ಬಂದೂಕಿದ್ದರೂ ಗುಂಡು ತೆಗೆದು, ಬಿಚ್ಚಿಟ್ಟೋ ಕುದುರೆಗೆ ಬೀಗ ಹಾಕಿಯೋ ಇಡಬೇಕು. ಸರ್ಕಾರದ ಗೋಡೆ ಕಾಯಲು ಪಿಸ್ತೂಲು ಕೊಡುತ್ತೀರಿ, ನನ್ನ ಗೋಡೆ ಕಾಯಲು ಕೊಡುವುದಿಲ್ಲ ಅಂದರೆ ಹೇಗೆ ಎಂದು ಅವನು ಕೋರ್ಟಿಗೆ ಹೋದ. 2008ರ ಜೂನ್ 26ರಂದು ಅವರ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ, ಆತ್ಮರಕ್ಷಣೆಗೆ ಮನೆಯಲ್ಲಿ ಕೈಬಂದೂಕು ಇಟ್ಟುಕೊಳ್ಳುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಕೈಬಂದೂಕೇ ಯಾಕೆ ಎಂಬುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು ಗೌಡರಿಗೆ ಬಹಳ ಹಿಡಿಸಿತು: ಒಂದು ಕೈಯಲ್ಲಿ ಕಳ್ಳನಿಗೆ ಗುರಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪೊಲೀಸರಿಗೆ ಫೋನ್ ಹಚ್ಚಬಹುದಂತೆ.

“ನೋಡ್ರಿ, ಎಂಥಾ ಶ್ಯಾಣೇ ಜಡ್ಜು!” ಅಂದ ಗೌಡರು ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯ ತೋರುಬೆರಳನ್ನು ನನ್ನ ನುಗ್ಗೆ ಗಿಡಕ್ಕೆ ಗುರಿಯಿಟ್ಟರು. ಕನ್ನಡಕ ಇರಲಿಲ್ಲ. ಬೆರಳು ಗಿಡ ಬಿಟ್ಟು ಸ್ವಲ್ಪ ನನ್ನ ಕಡೆಗೇ ಇತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದ ಹೆಲ್ಲರ್ ತನ್ನ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ನೋಂದಾಯಿಸಲು ಹೋದರೆ ನಗರದವರು ಅದನ್ನು ಮಷಿನ್ ಗನ್ನಿನ ಲೆಕ್ಕಕ್ಕೆ ಹಾಕಿ ಆಗುವುದಿಲ್ಲ ಅಂದರು. ಕೊನೆಗೆ ಅವನು ಮೊದಲು ನೋಂದಾಯಿಸಿದ್ದು ಪಾಯಿಂಟ್ 22ರ ಒಂದು ರಿವಾಲ್ವರು. ಸುಪ್ರೀಂ ಕೋರ್ಟಿನಲ್ಲಿ ಗೆದ್ದವನೂ ಗುಮಾಸ್ತನ ಮೇಜಿನ ಮುಂದೆ ನಿಲ್ಲಲೇಬೇಕು. ಆ ಮಟ್ಟಿಗೆ ವಾಷಿಂಗ್ಟನ್ನಿಗೂ ನಮ್ಮ ಜಿಲ್ಲೆಗೂ ಭೇದ ಕಾಣೆ. ಎರಡು ವರ್ಷಕ್ಕೆ ಷಿಕಾಗೋದ ಓಟಿಸ್ ಮ್ಯಾಕ್‌ಡೊನಾಲ್ಡ್ ಎಂಬ ಎಪ್ಪತ್ತಾರರ ಮುದುಕ, ಓಣಿ ಕೆಟ್ಟಿದೆ, ಮನೆಗೆ ಕಳ್ಳರು ನುಗ್ಗುತ್ತಾರೆ ಎಂದು ಇದೇ ಹಕ್ಕಿಗಾಗಿ ಕೋರ್ಟಿನಲ್ಲಿ ಗೆದ್ದ. ಹೆಲ್ಲರನ ಹಕ್ಕು ರಾಜ್ಯಗಳಿಗೂ ಊರುಗಳಿಗೂ ಲಾಗೂ ಆಯಿತು. ವಯಸ್ಸು ಕೇಳಿದ್ದೇ ಗೌಡರು ಅವನನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಂದರೆ ಅಲ್ಲಿ ಏನು ಬೇಕಾದರೂ ಇಡಬಹುದೇ? ಇಲ್ಲ. ಅಲ್ಲಿಯ ಕೋರ್ಟು ಆಯುಧವನ್ನೇ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತದೆ. ಇದು ಜನ ಸಾಮಾನ್ಯವಾಗಿ ಬಳಸುವಂಥದ್ದೋ? ಹಾಗಾದರೆ ಇರಲಿ. ಕೊಳವೆ ಕತ್ತರಿಸಿದ ಬಂದೂಕೋ? 1939ರಲ್ಲೇ ಅದಕ್ಕೆ ಈ ಹಕ್ಕಿನ ರಕ್ಷಣೆಯಿಲ್ಲ ಅಂದಾಗಿದೆ. 2022ರಿಂದ ಇನ್ನೊಂದು ಪರೀಕ್ಷೆ ಸೇರಿದೆ. ಇವತ್ತಿನ ಕಾನೂನು ಆ ದೇಶ ಹುಟ್ಟಿದ ಕಾಲದ ನಿರ್ಬಂಧಗಳಿಗೆ ಹೋಲಬೇಕು. ನ್ಯಾಯಮೂರ್ತಿಗಳೆಲ್ಲ ಇತಿಹಾಸದ ಮಾಸ್ತರರಾಗಿ ಕೂತಿದ್ದಾರೆ. ಅದೇ 2022ರ ತೀರ್ಪಿನಲ್ಲಿ, ಪಿಸ್ತೂಲು ಇಟ್ಟುಕೊಂಡು ಓಡಾಡಲು ತಕ್ಕ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ನೂರು ವರ್ಷದ ಕಾನೂನು ಬಿತ್ತು. ಹಾಗಂತ ಎಲ್ಲವೂ ಸಡಿಲ ಆಗಿಲ್ಲ. ಮನೆಯಲ್ಲಿ ಹೆಂಡತಿಯನ್ನೋ ಗೆಳತಿಯನ್ನೋ ಬೆದರಿಸುವವನೆಂದು ಕೋರ್ಟು ನಿರ್ಬಂಧ ಹಾಕಿದ್ದರೆ ಅವನ ಕೈಯಿಂದ ಬಂದೂಕು ಕಿತ್ತುಕೊಳ್ಳಬಹುದು ಎಂದು 2024ರಲ್ಲಿ ಎಂಟಕ್ಕೆ ಒಂದರಂತೆ ಹೇಳಿದರು.

“ಹಂಗಾರ ನಮ್ಮ ಕೋರ್ಟ ಏನಂತೈತಿ?”

ನಮ್ಮ ಸಂವಿಧಾನದ ಹಕ್ಕುಗಳ ಪಟ್ಟಿಯಲ್ಲಿ ಆಯುಧದ ಮಾತು ಬರುವುದು ಆಯುಧ ಬೇಡ ಎನ್ನಲಿಕ್ಕೆ. ಹತ್ತೊಂಬತ್ತನೇ ವಿಧಿಯಲ್ಲಿ ಶಾಂತಿಯಿಂದ, ಆಯುಧಗಳಿಲ್ಲದೆ ಸಭೆ ಸೇರುವ ಹಕ್ಕಿದೆ. ಇಟ್ಟುಕೊಳ್ಳುವ ಹಕ್ಕು ಬೇಕು ಎಂದು ಕೇಳಿದವರು ಇರಲಿಲ್ಲ ಅಂತಲ್ಲ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎದ್ದು ನಿಂತು ಆಯುಧ ಹೊಂದುವ ಹಕ್ಕನ್ನೂ ಸೇರಿಸಿ ಎಂದು ತಿದ್ದುಪಡಿ ತಂದವರು ಎಚ್.ವಿ. ಕಾಮತ್. ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, ಐ.ಸಿ.ಎಸ್. ನೌಕರಿ ಬಿಟ್ಟು ಸುಭಾಷ್ ಬೋಸರ ಹಿಂದೆ ಹೋದವರು. ಕಾಂಗ್ರೆಸ್ಸೇ 1931ರ ಕರಾಚಿ ಅಧಿವೇಶನದಲ್ಲಿ ಕೇಳಿದ್ದ ಹಕ್ಕು ಅದು. ಅಂಬೇಡ್ಕರ್ ಒಪ್ಪಲಿಲ್ಲ. ಬ್ರಿಟಿಷರ ಕಾಲದಲ್ಲಿ ಆ ಬೇಡಿಕೆಗೆ ಅರ್ಥವಿತ್ತು, ಈಗ ಎಲ್ಲರಿಗೂ ಹಕ್ಕು ಅಂದರೆ ಕಳ್ಳಕಾಕರಿಗೂ ಕೊಟ್ಟಂತೆ ಎಂಬುದು ಅವರ ವಾದ. ಕಾಮತರ ತಿದ್ದುಪಡಿ ಬಿತ್ತು. ಅದು ಗೆದ್ದಿದ್ದರೆ ನಮ್ಮ ಬೇಲಿಯ ಈ ಹರಟೆ ಬೇರೆ ಥರ ಇರುತ್ತಿತ್ತು. ಬಹುಶಃ ನಾನು ಸ್ವಲ್ಪ ದೂರ ನಿಂತು ಮಾತಾಡುತ್ತಿದ್ದೆ.

ಕೋರ್ಟುಗಳಲ್ಲಿಯೂ ಒಮ್ಮೆ ಬಾಗಿಲು ತೆರೆದಂತಾಗಿತ್ತು. 1993ರಲ್ಲಿ ಅಲಾಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು, ನಿಷೇಧವಿಲ್ಲದ ಬಂದೂಕು ಹೊಂದುವುದು ಇಪ್ಪತ್ತೊಂದನೇ ವಿಧಿಯ ಜೀವದ ಹಕ್ಕಿನೊಳಗೇ ಇದೆ, ಪರವಾನಗಿಯನ್ನು ಸಾಮಾನ್ಯವಾಗಿ ಕೊಡಲೇಬೇಕು ಎಂದು ಬರೆದರು. ಅದೇ ಹೈಕೋರ್ಟಿನ ಪೂರ್ಣಪೀಠ 1985ರಲ್ಲೇ, ಪರವಾನಗಿ ಎಂಬುದು ಸರ್ಕಾರ ಕೊಡುವ ಸವಲತ್ತು, ಅದಕ್ಕಿಂತ ಹೆಚ್ಚೇನೂ ಅಲ್ಲ ಎಂದಿತ್ತು. ನಿಂತದ್ದು ಈ ಎರಡನೇ ಮಾತೇ. 2023ರ ಫೆಬ್ರವರಿಯಲ್ಲಿ, ಉತ್ತರ ಪ್ರದೇಶದ ಒಂದು ಕೊಲೆ ಪ್ರಕರಣದ ಜಾಮೀನಿನ ಸಂದರ್ಭದಲ್ಲಿ, ನ್ಯಾಯಮೂರ್ತಿ ಕೆ.ಎಂ. ಜೋಸೆಫ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಸುಪ್ರೀಂ ಕೋರ್ಟ್ ಪೀಠ ಪರವಾನಗಿ ಇಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಅಮೆರಿಕದಲ್ಲಿರುವಂತೆ ಇಲ್ಲಿ ಆಯುಧ ಹೊಂದುವುದು ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಕಡ್ಡಿ ಮುರಿದಂತೆ ಹೇಳಿತು.

ಗೌಡರ ಮುಖ ಸಣ್ಣದಾಯಿತು. “ಮತ್ತ ನಮ್ಮಪ್ಪನ ಬಂದೂಕ?” ಅಂದರು. ಅವರ ಮನೆಯ ಅಟ್ಟದ ಕೆಳಗಿನ ಕಪಾಟಿನಲ್ಲಿ ಅಪ್ಪನ ಕಾಲದ ಡಬಲ್ ಬ್ಯಾರೆಲ್ ಇದೆ, ಲೈಸೆನ್ಸೂ ಇದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಹೊರಗೆ ಬಂದು ಕುಂಕುಮ ಹಚ್ಚಿಸಿಕೊಂಡು ಒಳಗೆ ಹೋಗುತ್ತದೆ. ಒಂದೇ ಕಪಾಟಿನಲ್ಲಿ ಇಡಬಹುದಾದರೂ ಬಂದೂಕಿಗೂ ಪಿಸ್ತೂಲಿಗೂ ನಮ್ಮ ಕಾನೂನಿನಲ್ಲಿ ದಾರಿ ಬೇರೆ ಬೇರೆ, ಮತ್ತು ಗೌಡರಿಗೆ ಇದನ್ನು ತಿಳಿಸಿ ಹೇಳಲು ನನಗೆ ಎರಡು ಲೋಟ ಚಹಾ ಹಿಡಿಯಿತು.

1959ರ ಆಯುಧ ಕಾಯ್ದೆಯ ಹದಿಮೂರನೇ ಕಲಮು ನೋಡಿ. ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ನುಣುಪು ಕೊಳವೆಯ ಬಂದೂಕು, ರಕ್ಷಣೆಗೋ ಆಟಕ್ಕೋ ಬೇಕೆಂದು ನಾಗರಿಕ ಕೇಳಿದರೆ, ಬೇರೆ ಅಡ್ಡಿ ಇಲ್ಲದಿದ್ದಾಗ, ಕೊಡತಕ್ಕದ್ದು. ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ ಕೇಳಿದರೂ ಕೊಡತಕ್ಕದ್ದು. ಉಳಿದದ್ದಕ್ಕೆಲ್ಲ, ಪಿಸ್ತೂಲು ರಿವಾಲ್ವರೂ ಸೇರಿ, ಅರ್ಜಿದಾರನಿಗೆ ತಕ್ಕ ಕಾರಣ ಇದೆ ಎಂದು ಅಧಿಕಾರಿಗೆ ಮನವರಿಕೆ ಆಗಬೇಕು. ನ್ಯೂಯಾರ್ಕಿನಲ್ಲಿ ಓಡಾಡುವ ಪಿಸ್ತೂಲಿಗೆ ಬಿದ್ದುಹೋದ ಷರತ್ತು ಇಲ್ಲಿ ಮನೆಯ ಕಪಾಟಿನ ಪಿಸ್ತೂಲಿಗೂ ಗಟ್ಟಿಯಾಗಿ ನಿಂತಿದೆ. ಅಧಿಕಾರಿ ಅಂದರೆ ನಮಗೆ ಬಾಗಲಕೋಟೆಯ ಜಿಲ್ಲಾಧಿಕಾರಿ.

ಅದರಲ್ಲೂ ಯಾವ ಪಿಸ್ತೂಲು? ಮೊಮ್ಮಗ ತೋರಿಸಿದ್ದು 9 ಎಂ.ಎಂ.ನದು. ಅದು ಇಲ್ಲಿ ನಿಷೇಧಿತ. ಯಾಕೆಂದರೆ ಸೈನ್ಯ, ಪೊಲೀಸರ ಗುಂಡು ಅದರಲ್ಲಿ ಕೂರುತ್ತದೆ. ಪಾಯಿಂಟ್ 380, ಪಾಯಿಂಟ್ 455, ಪಾಯಿಂಟ್ 45 ಇವಕ್ಕೂ ಅದೇ ಗತಿ. ಸರ್ಕಾರಿ ಗುಂಡು ಕದ್ದು ತಂದರೂ ಖಾಸಗಿ ಪಿಸ್ತೂಲಿನಲ್ಲಿ ಹೋಗಬಾರದು ಎಂಬುದು ಬ್ರಿಟಿಷರ ಕಾಲದಿಂದ ಬಂದ ಜಾಣತನ. ಹೀಗಾಗಿ ಸಾಮಾನ್ಯನಿಗೆ ಉಳಿಯುವುದು ಪಾಯಿಂಟ್ 32, ಪಾಯಿಂಟ್ 22ರಂಥವು. ಕಾನ್ಪುರದ ಸರ್ಕಾರಿ ಕಾರ್ಖಾನೆ ಮಾಡುವ ರಿವಾಲ್ವರು, 2014ರಲ್ಲಿ ಹೆಂಗಸರಿಗೆಂದು ಹೊರತಂದ ‘ನಿರ್ಭೀಕ್’, ಎಲ್ಲ ಪಾಯಿಂಟ್ 32. ಒಂದು ಮೋಜು ನೋಡಿ: ಜೇಮ್ಸ್ ಬಾಂಡನ ಕೈಯ ಹೆಸರಾಂತ ವಾಲ್ಥರ್ ಪಿಸ್ತೂಲಿನದೂ 7.65 ಎಂ.ಎಂ., ಅಂದರೆ ಅದೇ ಪಾಯಿಂಟ್ 32. ಬಾಂಡ್ ಬಾಗಲಕೋಟೆಗೆ ಬಂದು ಅರ್ಜಿ ಹಾಕಿದರೆ ಗುಂಡಿನ ಅಳತೆಯ ಮಟ್ಟಿಗೆ ತಕರಾರಿಲ್ಲ. ಕಾರಣದ ಕಾಲಮಿನಲ್ಲಿ ಏನು ಬರೆಯುತ್ತಾನೋ ನೋಡಬೇಕು. ‘ಜೇಡರ ಬಲೆ’ಯಲ್ಲಿ ನಮ್ಮ ರಾಜಕುಮಾರ್ ಹಿಡಿದದ್ದು ಎಷ್ಟರದು ಎಂದು ಗೌಡರು ಕೇಳಿದರು. ಅವರನ್ನು ನೋಡಿದವರು ಯಾರೂ ಪಿಸ್ತೂಲು ನೋಡಲಿಲ್ಲ, ಬಿಡ್ರಿ ಅಂದೆ.

ಸಿನಿಮಾದವರ ಮಾತು ಬಂದರೆ ಸಂಜಯ್ ದತ್ತನ ಮಾತೂ ಬರಬೇಕು. ಮುಂಬೈ ಗಲಭೆಯ ಕಾಲದಲ್ಲಿ ಮನೆಮಂದಿಯ ರಕ್ಷಣೆಗೆ ಇಟ್ಟುಕೊಂಡೆ ಎಂದು ಹೇಳಿಕೊಂಡ. ಎ.ಕೆ. 56 ರೈಫಲು ಮತ್ತು ಇದೇ 9 ಎಂ.ಎಂ. ಪಿಸ್ತೂಲು. 2013ರಲ್ಲಿ ಸುಪ್ರೀಂ ಕೋರ್ಟು ತಪ್ಪನ್ನು ಖಾಯಂ ಮಾಡಿ, ಆರು ವರ್ಷದ ಶಿಕ್ಷೆಯನ್ನು ಐದಕ್ಕೆ ಇಳಿಸಿತು. ರಕ್ಷಣೆ ಎಂಬ ಕಾರಣ ಎಷ್ಟೇ ನಿಜವಿದ್ದರೂ ಆಯುಧ ನಿಷೇಧದ ಪಟ್ಟಿಯಲ್ಲಿದ್ದರೆ ಉಪಯೋಗವಿಲ್ಲ ಎಂದು ತಿಳಿಯಲು ಗೌಡರಿಗೆ ಇಷ್ಟು ಸಾಕಾಯಿತು.

ಇಲ್ಲೇ ನನಗೆ ಎರಡು ದೇಶಗಳ ಕೋರ್ಟುಗಳ ಭೇದ ಕಾಣುವುದು. ಅವರ ಕೋರ್ಟು ಪಿಸ್ತೂಲು ನೋಡುತ್ತದೆ. ನಮ್ಮ ಕೋರ್ಟು ಜಿಲ್ಲಾಧಿಕಾರಿ ಬರೆದ ಕಾಗದ ನೋಡುತ್ತದೆ. ಯಾವ ಅಳತೆಯ ಗುಂಡು ಯಾರಿಗೆ ಎಂಬುದನ್ನು ಸರ್ಕಾರದ ಅನುಸೂಚಿ ತೀರ್ಮಾನಿಸಿಯಾಗಿದೆ. ಅದರಲ್ಲಿ ಕೋರ್ಟು ಕೈ ಹಾಕುವುದು ಅಪರೂಪ. ಆದರೆ ಪರವಾನಗಿ ಇಲ್ಲ ಅಂದರೆ ಯಾಕಿಲ್ಲ ಎಂದು ಬರೆಯಬೇಕು, ಕೇಳಿದರೆ ತಿಳಿಸಬೇಕು. ಬರೀ ‘ಪೊಲೀಸ್ ವರದಿ ಪ್ರತಿಕೂಲ’ ಎಂಬ ಒಂದು ಸಾಲಿಗೆ, ಬರೀ ಒಂದು ಕೇಸು ಬಾಕಿಯಿದೆ ಎಂಬುದಕ್ಕೆ ಲೈಸೆನ್ಸು ರದ್ದಾದಾಗ ಹೈಕೋರ್ಟುಗಳು ಎಷ್ಟೋ ಸಲ ಕಾಗದ ವಾಪಸು ಕಳಿಸಿವೆ: ತಲೆ ಹಚ್ಚಿ ಮತ್ತೊಮ್ಮೆ ಬರೆಯಿರಿ ಎಂದು. ಪಿಸ್ತೂಲು ಸಿಗುತ್ತದೆ ಅಂತಲ್ಲ. ಇಲ್ಲ ಎನ್ನುವ ಉತ್ತರವಾದರೂ ಓದಲಿಕ್ಕೆ ಬರುವಂತಿರುತ್ತದೆ.

ಹದಿನಾಲ್ಕನೇ ಕಲಮಿನಲ್ಲಿ ಒಂದು ಸಾಲಿದೆ, ನನಗೆ ಬಹಳ ಇಷ್ಟ. ಅರ್ಜಿದಾರನ ಹತ್ತಿರ ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ಇದನ್ನು ಓದಿ ಹೇಳಿದ್ದೇ ಗೌಡರು ಚಹಾದ ಲೋಟ ಕೆಳಗಿಟ್ಟರು.

“ಅಂದ್ರ? ನಮ್ಮ ಹೊಲಕ್ಕ ಕಳೆ ತಗ್ಯಾಕ ಬರವ್ನೂ ಕೇಳಬಹುದಾ?”

“ಕೇಳಬಹುದು.”

“ಅಂವಗೂ ಕೊಡ್ತಾರಾ?”

“ನಿಮಗ ಕೇಳೂ ಪ್ರಶ್ನೀನ ಅಂವಗೂ ಕೇಳ್ತಾರ.”

ಹಕ್ಕಿನ ಮೇಲಿನ ಗೌಡರ ಪ್ರೀತಿ ಅಲ್ಲಿ ಸ್ವಲ್ಪ ತಣ್ಣಗಾಯಿತು. ನನಗೆ ಅದು ಹೊಸದಾಗಿ ಕಾಣಲಿಲ್ಲ. ಬಂದೂಕಿನ ಕಾನೂನು ಹುಟ್ಟಿದ್ದೇ ಯಾರ ಕೈಯಲ್ಲಿ ಇರಬಾರದು ಎಂಬ ಲೆಕ್ಕದಿಂದ, ಮತ್ತು ಆ ಲೆಕ್ಕದ ಮೊದಲ ರಕ್ತ ಬಿದ್ದ ನೆಲಗಳಲ್ಲಿ ಒಂದು ನಮ್ಮ ಜಿಲ್ಲೆಯಲ್ಲೇ ಇದೆ. ಬಾಗಲಕೋಟೆ ದಾಟಿ ಮುಧೋಳದ ಕಡೆ ಹೋದರೆ ಹಲಗಲಿ. 1857ರಲ್ಲಿ ಕುಂಪಣಿ ಸರ್ಕಾರ ಆಯುಧಗಳನ್ನೆಲ್ಲ ನೋಂದಾಯಿಸಿ ಒಪ್ಪಿಸಿರಿ ಎಂದು ಕಾಯ್ದೆ ತಂತು. ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಅನ್ನ, ಮಾನ ಮೂರೂ. ಜಡಗ, ಬಾಲ, ಹನುಮ, ರಾಮ ಮುಂದಾಗಿ ಕೊಡುವುದಿಲ್ಲ ಅಂದರು. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಂನ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ, ಸಂತೆಯ ದಿನ, ಹದಿಮೂರು ಜನರನ್ನು ಗಲ್ಲಿಗೆ ಹಾಕಿದರು. 14ರಂದು ಹಲಗಲಿಯಲ್ಲೇ ಆರು ಜನರನ್ನು. ಸಂತೆಯ ದಿನ ಯಾಕೆ ಅಂತ ಕೇಳಬೇಕಾಗಿಲ್ಲ. ಜನ ನೋಡಲಿ ಅಂತ. ಈ ಕಥೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಅದು ಈಗ ನಮ್ಮ ಹತ್ತನೇ ಇಯತ್ತೆಯ ಪಾಠ.

ಈಗ ಕೊಡಗಿಗೆ ಬನ್ನಿ. ಹಲಗಲಿಯಲ್ಲಿ ನೇಣು ಬಿದ್ದು ನಾಲ್ಕು ವರ್ಷ ಆಗಿರಲಿಲ್ಲ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರು ನಿಷ್ಠರು, ಶೂರರು ಎಂದು ಹೊಗಳಿ ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಅವರನ್ನು ಹೊರಗಿಟ್ಟ. ಇಂದಿಗೂ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಬಂದೂಕಿಗೆ ಪರವಾನಗಿ ಬೇಕಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ. ಮಗು ಹುಟ್ಟಿದರೂ ಗುಂಡು, ಹಿರಿಯರು ಹೋದರೂ ಗುಂಡು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಜಾತಿ ನೋಡಿ, ಭೂಮಿ ನೋಡಿ ಬಂದೂಕು ಕೊಡುವುದು ಸಮಾನತೆಗೆ ವಿರುದ್ಧ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಆ ಅರ್ಜಿ ವಜಾ ಮಾಡಿತು: ಯೋಧ ಪರಂಪರೆಯವರು, ಸ್ವಾತಂತ್ರ್ಯಕ್ಕೂ ಮೊದಲಿನಿಂದ ಬಂದ ಸೌಲಭ್ಯ, ಅದೂ ಷರತ್ತುಗಳಿಗೆ ಒಳಪಟ್ಟು, ಒಂದು ಅವಧಿಯವರೆಗೆ ಮಾತ್ರ ಎಂದು.

ಕೊಡಗಿನವರ ಮೇಲೆ ನನಗೆ ತಕರಾರಿಲ್ಲ. ಕಾರಿಯಪ್ಪ, ತಿಮ್ಮಯ್ಯ ಬಂದ ನಾಡು ಅದು. ಆದರೆ ಹಲಗಲಿಯವರೂ ಯೋಧರೇ ಅಲ್ಲವೇ? ಶೌರ್ಯದಲ್ಲಿ ಕಡಿಮೆ ಬಿದ್ದದ್ದೇನು? ದೊರೆಗೆ ಹೌದು ಅಂದವರ ಕೈಯಲ್ಲಿ ಕೋವಿ ಉಳಿಯಿತು, ಇಲ್ಲ ಅಂದವರ ಕೊರಳಿಗೆ ಹಗ್ಗ ಬಂತು. ದೊರೆ ಹೋಗಿ ಮುಕ್ಕಾಲು ನೂರು ವರ್ಷವಾದರೂ ಅವನು ಬರೆದ ಪಟ್ಟಿಯ ಮೇಲ್ಭಾಗ ಮಾಸಿಲ್ಲ. ಅಮೆರಿಕದ ನ್ಯಾಯಮೂರ್ತಿಗಳಂತೆ ನಮ್ಮವರೂ ಇತಿಹಾಸ ನೋಡಿಯೇ ತೀರ್ಪು ಕೊಟ್ಟರು ಅಂತ ನಾನು ಅಂದರೆ ಅಳಿಯ ಒಪ್ಪುವುದಿಲ್ಲ. ಕೋರ್ಟು ನೀತಿ ಮಾಡುವುದಿಲ್ಲ, ಸರ್ಕಾರದ ಅಧಿಕಾರ ಸರಿಯಾಗಿ ಬಳಕೆಯಾಗಿದೆಯೋ ಇಲ್ಲವೋ ಅಷ್ಟೇ ನೋಡುತ್ತದೆ ಮಾವಾ ಅನ್ನುತ್ತಾನೆ. ಇರಬಹುದು. ನನಗೆ ಮಾತ್ರ ಹಲಗಲಿಯಿಂದ ಒಬ್ಬ ವಕೀಲ ಹೋಗಿ ನಿಂತು ಇದೇ ಪ್ರಶ್ನೆ ಕೇಳಿದ್ದರೆ ಪೀಠ ಏನನ್ನುತ್ತಿತ್ತು ಎಂಬ ಕುತೂಹಲ ಹೋಗಿಲ್ಲ.

ಗೌಡರಿಗೆ ಇಷ್ಟು ಇತಿಹಾಸ ಬೇಕಿರಲಿಲ್ಲ. “ಅದಿರ್ಲಿ. ಬಂದೂಕ ಇದ್ದವ ಪಿಸ್ತೂಲ ತಗೋಬಹುದೋ ಇಲ್ಲೋ?”

ತಗೋಬಹುದು. ಮೊದಲು ಒಬ್ಬನಿಗೆ ಮೂರು ಇತ್ತು. 2019ರ ತಿದ್ದುಪಡಿಯಲ್ಲಿ ಸರ್ಕಾರ ಒಂದಕ್ಕೆ ಇಳಿಸಲು ಹೊರಟು, ಗದ್ದಲವಾಗಿ ಎರಡಕ್ಕೆ ನಿಂತಿತು. ಮೂರನೆಯದನ್ನು ವರ್ಷದೊಳಗೆ ಒಪ್ಪಿಸಬೇಕಾಯಿತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಾಯಿತು. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿ ಇತರರ ಜೀವಕ್ಕೆ ಕುತ್ತು ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂಬುದೂ ಆಗಲೇ ಸೇರಿತು. ಡಬಲ್ ಬ್ಯಾರೆಲ್ಲಿನ ಪಕ್ಕ ಒಂದು ಪಿಸ್ತೂಲಿಗೆ ಜಾಗ ಇದೆ. ಆದರೆ ತರಬೇತಿಯ ಪತ್ರ, ವೈದ್ಯರ ಪತ್ರ, ಭದ್ರವಾಗಿ ಇಡುತ್ತೇನೆಂಬ ಬರಹ ಬೇಕು. ಇನ್ನು 2016ರ ನಿಯಮಗಳಲ್ಲಿ ಎಪ್ಪತ್ತರ ಮಾತೊಂದಿದೆ. ಆ ವಯಸ್ಸು ತುಂಬಿದವನು ತನ್ನ ಬಂದೂಕನ್ನು ವಾರಸುದಾರನ ಹೆಸರಿಗೆ ದಾಟಿಸಬಹುದು. ಸರ್ಕಾರ ಸಾಕು, ಮಗನಿಗೆ ಕೊಡ್ರಿ ಅನ್ನುವ ವಯಸ್ಸಿನಲ್ಲಿ ಗೌಡರು ಹೊಸದು ಕೇಳುತ್ತಿದ್ದಾರೆ.

“ಇಟ್ಕೊಂಡು ಏನ ಮಾಡಾವ್ರು? ಇಲೆಕ್ಷನ್ ಬಂದ್ರ ಠಾಣೇಕ ಒಯ್ದು ಇಡೂದ ಅಲ್ಲೇನು?” ಎಂದು ಒಳಗಿಂದ ಗೌಡತಿಯವರ ಧ್ವನಿ ಬಂತು. ಅದೂ ನಿಜ. ಗ್ರಾಮ ಪಂಚಾಯ್ತಿ, ತಾಲ್ಲೂಕು, ವಿಧಾನಸಭೆ, ಲೋಕಸಭೆ. ಚುನಾವಣೆ ಘೋಷಣೆ ಆದದ್ದೇ ತಡ, ಗೌಡರು ಬಂದೂಕನ್ನು ಹಳೆಯ ಧೋತರದಲ್ಲಿ ಸುತ್ತಿ ಮಗನ ಬೈಕಿನ ಹಿಂದೆ ಕೂತು ಠಾಣೆಗೆ ಹೋಗುತ್ತಾರೆ, ರಸೀದಿ ತರುತ್ತಾರೆ, ಮತ ಎಣಿಕೆ ಮುಗಿದ ಮೇಲೆ ಹೋಗಿ ತರುತ್ತಾರೆ. ಮತದಾನಕ್ಕಿಂತ ಅದರ ಮೆರವಣಿಗೆಯೇ ನಮ್ಮ ಓಣಿಗೆ ಹೆಚ್ಚು ನೆನಪಿರುತ್ತದೆ. ಎಲ್ಲರ ಬಂದೂಕನ್ನೂ ಸಾರಾಸಗಟಾಗಿ ಇಡಿಸಿಕೊಳ್ಳುವಂತಿಲ್ಲ, ಸಮಿತಿಯೊಂದು ಒಬ್ಬೊಬ್ಬರ ವಿಷಯವನ್ನೂ ನೋಡಿ ಯಾರದು ಇಡಿಸಬೇಕು ಎಂದು ತೀರ್ಮಾನಿಸಲಿ ಎಂದು ಬಾಂಬೆ ಹೈಕೋರ್ಟು 2009ರಲ್ಲೇ ಹೇಳಿದೆ. ಇದನ್ನು ಹೇಳಿದಾಗ ಗೌಡರು ಎದೆ ಉಬ್ಬಿಸಿ, ಮುಂದಿನ ಸಲ ಆ ತೀರ್ಪು ಒಯ್ದು ತೋರಿಸ್ತೀನಿ ಅಂದರು. ಮರುಕ್ಷಣ, ಬ್ಯಾಡ ಬಿಡ್ರಿ, ಪಿ.ಎಸ್.ಐ. ಹುಡುಗ ಛಲೋ ಅದಾನ ಅಂದರು. ಕೋರ್ಟಿನ ತೀರ್ಪುಗಳು ಹಳ್ಳಿಯಲ್ಲಿ ಸೋಲುವುದು ಬಹಳ ಮಟ್ಟಿಗೆ ಇಂಥ ಒಳ್ಳೆಯತನಕ್ಕೇ.

ಕೊನೆಗೆ ಅಳಿಯ ಅರ್ಜಿ ನಮೂನೆ ತಂದುಕೊಟ್ಟ. ಗೌಡರ ಹೆಸರು, ತಂದೆಯ ಹೆಸರು, ವಿಳಾಸ ಸುಲಭವಾಗಿ ಮುಗಿದವು. ಆಯುಧದ ಬಗೆ: ರಿವಾಲ್ವರ್, ಪಾಯಿಂಟ್ 32. ಮುಂದಿನದು, ಯಾಕೆ ಬೇಕು. ನಾನು ಪೆನ್ನು ಹ್ಯಾಂಗ ಹಿಡಿದಿದ್ದೆನೋ ಹಂಗೇ ಕೂತೆ.

“ಕಳ್ಳರು ಅಂತ ಬರೀರಿ.”

“ಯಾವಾಗ ಬಂದಿದ್ರು? ಠಾಣೇಲಿ ದೂರು ಐತೇನು?”

ಬಂದಿರಲಿಲ್ಲ. ಗೌಡರ ಅಂಗಳದಲ್ಲಿ ಎರಡು ಮುಧೋಳ ನಾಯಿಗಳಿವೆ. ಅವನ್ನು ಕಂಡು ಕಳ್ಳರಿರಲಿ, ಕರೆಂಟ್ ಬಿಲ್ಲಿನವನೂ ಬಾಗಿಲಾಚೆ ನಿಂತು ಕೂಗುತ್ತಾನೆ.

“ವೈರಿಗಳು ಅದಾರ ಅಂತ ಬರೀರಿ.”

“ಯಾರು?”

ಗೌಡರು ತುಸು ಹೊತ್ತು ಯೋಚಿಸಿದರು. ಬದುವಿನ ಜಗಳದವನು ಹೋದ ವರ್ಷ ರಾಜಿಯಾಗಿ ಅವರ ಮೊಮ್ಮಗಳ ಮದುವೆಗೆ ಬಂದು ಉಂಡು ಹೋಗಿದ್ದ. ಇನ್ನೊಬ್ಬ ತೀರಿಕೊಂಡಿದ್ದ.

“ಹಂದಿ, ಚಿಗರಿ ಬೆಳಿ ತಿಂತಾವ ಅಂತ ಬರದ್ರ?”

“ಚಿಗರಿಗೆ ಗುಂಡು ಹಾಕಿದ್ರ ಲೈಸೆನ್ಸ್ ಅಲ್ಲ, ಜೇಲು. ಹಂದಿಗೂ ಅರಣ್ಯ ಇಲಾಖೆ ಅಪ್ಪಣೆ ಬೇಕು. ಅದೂ ಬೆಳಿ ಕಾಯಾಕ ಪಿಸ್ತೂಲ ಯಾರ ಕೊಡ್ತಾರ್ರಿ?”

“ಒಂದ ಕೈಯಾಗ ಹಿಡದು ಇನ್ನೊಂದ ಕೈಯಾಗ ಪೊಲೀಸರಿಗೆ ಫೋನ್ ಹಚ್ಚಾಕ ಅಂತ ಬರೀರಿ. ಸುಪ್ರೀಂ ಕೋರ್ಟ್ ಒಪ್ಪಿದ ಕಾರಣ ಅದು.”

“ಅವರ ಸುಪ್ರೀಂ ಕೋರ್ಟ್, ಗೌಡ್ರ.”

ಅಷ್ಟರಲ್ಲಿ ಗೌಡತಿಯವರು ಒಳಗಿನಿಂದ ಬಂದು ಬೇಲಿಯ ಮೇಲೆ ಡಬಲ್ ಬ್ಯಾರೆಲ್ಲಿನ ಲೈಸೆನ್ಸ್ ಪುಸ್ತಕ ಇಟ್ಟರು. ಎಣ್ಣೆಗಲೆ ಆದ ಪುಟ ತೆರೆದು ಬೆರಳಿಟ್ಟು ತೋರಿಸಿದರು.

“ಹೊಸಾದ್ದು ಆಮ್ಯಾಲ ಬರೀರಿ ಮಾಸ್ತರ. ಇದರ ರಿನ್ಯೂವಲ್ ಈ ತಿಂಗಳ ಕೊನೀಗೆ ಮುಗೀತೈತಿ. ಮದಲ ಇದನ್ನ ನೋಡ್ರಿ, ಇಲ್ಲಂದ್ರ ಇವರ ಮನ್ಯಾಗಿರೂ ಬಂದೂಕನ ಇವರನ್ನ ಒಳಗ ಹಾಕಸ್ತೈತಿ.”